ಹಳೇ ಮ್ಯೂಸಿಯಂ ಕಟ್ಟಡದ ಮೀಟಿಂಗ್ ರೂಮು: ಈ ಕೊಟೇಶನ್ ಒಪ್ಪಬಹುದಾ?

ತೊಲೆಕಂಬ:
ಬೆಂಗಳೂರಿನ ಹಳೇ ಮ್ಯೂಸಿಯಂ ಕಟ್ಟಡ. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ), ರೆಡ್ ಆಕ್ಸೈಡ್ ನೆಲ. ಮೀಟಿಂಗ್ ರೂಮು 24 ಅಡಿ ಉದ್ದ, 18 ಅಡಿ ಅಗಲ, 16 ಅಡಿ ಎತ್ತರ. ಹನ್ನೆರಡು ಜನ ಕೂತರೆ ಗುಂಯ್ ಅಂತ ದನಿ ಸುತ್ತುತ್ತೆ, ಮಾತು ತಿಳಿಯಲ್ಲ. ಗೋಡೆಯ ಕೆಳಗಿನ ಮೂರಡಿ ಪೇಂಟ್ ಹಪ್ಪಳದ ಹಾಗೆ ಏಳ್ತಿದೆ. ಕಂಟ್ರಾಕ್ಟರು ಜಿಪ್ಸಮ್ ಫಾಲ್ಸ್ ಸೀಲಿಂಗ್, ಪ್ಲೈವುಡ್ ಪ್ಯಾನೆಲಿಂಗ್, ಎರಡು ಸ್ಪ್ಲಿಟ್ ಎಸಿ ಅಂತಿದ್ದಾರೆ.

ದನಿಗಾರ:
ಫಾಲ್ಸ್ ಸೀಲಿಂಗ್ ಬೇಡವೇ ಬೇಡ ಸರ್. ತಾರಸಿ ಸೋರಿದ್ದು ಜಿಪ್ಸಮ್ ಮೇಲೆ ಕಲೆಯಾಗಿ ಕಾಣೋ ಹೊತ್ತಿಗೆ, ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆತಿರುತ್ತೆ.

ದನಿಯ ಲೆಕ್ಕ ಹೀಗೆ: ಕೋಣೆ ಸುಮಾರು 196 ಘನ ಮೀಟರ್. ಖಾಲಿ ಇದ್ದಾಗ ಪ್ರತಿಧ್ವನಿ ಅಡಗಕ್ಕೆ 3 ಸೆಕೆಂಡ್ ಹತ್ತಿರ ಬೇಕು; ಮಾತಿಗೆ 0.8ರೊಳಗೆ ಇರಬೇಕು. ದಪ್ಪ ನೆರಿಗೆ ಪರದೆ 10 ಚದರ ಮೀಟರ್, ಕಾರ್ಪೆಟ್ 20, ಉಳಿದದ್ದಕ್ಕೆ 50 ಮಿ.ಮೀ. ರಾಕ್‌ವುಲ್ (ದನಿ ಹೀರೋ ಕಲ್ಲುನಾರಿನ ಹಾಸು) ತುಂಬಿ ಬಟ್ಟೆ ಹೊದಿಸಿದ 4×6 ಅಡಿಯ ಏಳು ಚೌಕಟ್ಟು. ಚೌಕಟ್ಟುಗಳು ತಮ್ಮದೇ ಕಾಲಿನ ಮೇಲೆ ನಿಲ್ಲಬೇಕು, ಗೋಡೆಯಿಂದ ಎರಡಿಂಚು ದೂರ. ಎಲ್ಲವನ್ನೂ ಒಂದೇ ಗೋಡೆಗೆ ಸಾಲಾಗಿ ಇಡಬೇಡಿ. ಎದುರುಬದುರು ಗೋಡೆ ಬೋಳಾಗಿದ್ದರೆ ಚಪ್ಪಾಳೆ ತಟ್ಟಿದಾಗ ಟರ್ರ್ ಅನ್ನುತ್ತೆ, ಅದೇ ಗುರುತು.

ಗಾರೆಗುಂಡು:
ಅಠಾರ ಕಚೇರಿ (ಈಗಿನ ಹೈಕೋರ್ಟ್, 1868), ಕಸ್ತೂರ್ಬಾ ರಸ್ತೆ ಮ್ಯೂಸಿಯಂ (1877) ಕಟ್ಟಿದ ಕಾಲಕ್ಕೆ ಇಲ್ಲಿ ಸಿಮೆಂಟ್ ರೂಢಿಯಲ್ಲಿರಲಿಲ್ಲ. ಅಂಥ ಗೋಡೆಗೆ ಒಗ್ಗೋದು ಸುಣ್ಣ. ನಿಮ್ಮ ಹಪ್ಪಳದ ಮೂಲ ಆಚೆ ಬದಿ ಹುಡುಕಿ: ಮಳೆನೀರಿನ ಪೈಪ್ ಒಡೆದಿದೆಯಾ, ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಕಿದ್ದಾರಾ, ಅಂಗಳ ಒಳನೆಲಕ್ಕಿಂತ ಮೇಲೆ ಬಂದಿದೆಯಾ. ಇಟ್ಟಿಗೆ ಹೀರಿದ ನೀರು ಸುಣ್ಣದ ಗಾರೆಯಲ್ಲಿ ಆರಿ ಹೋಗುತ್ತೆ. ಮೇಲೆ ಸಿಮೆಂಟ್ ಪ್ಲಾಸ್ಟರ್, ಎಮಲ್ಷನ್ ಬಳಿದಿದ್ದರೆ ದಾರಿಯಿಲ್ಲ. ಉಪ್ಪು ಹಿಂದೆ ಹರಳುಗಟ್ಟಿ ಪೇಂಟನ್ನ ತಳ್ಳುತ್ತೆ.

ನೀರು ನಿಲ್ಲಿಸಿ, ಸಿಮೆಂಟ್ ಕೆತ್ತಿಸಿ, ಒಂದು ಬೇಸಿಗೆ ಆರಲು ಬಿಡಿ. ಆಮೇಲೆ 1 ಭಾಗ ನೆನೆಸಿ ಕೊಳೆಹಾಕಿದ ಸುಣ್ಣ, 1 ಸುರ್ಕಿ (ಇಟ್ಟಿಗೆ ಪುಡಿ), 2 ಮರಳು. ಒಂದು ಕೋಟು 12 ಮಿ.ಮೀ. ಮೀರಬಾರದು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತೆ, ಒದ್ದೆ ಗೋಣಿತಾಟು ಇಳಿಬಿಡಿ. ಕೊನೆಗೆ ತೆಳುವಾಗಿ ಮೂರು ಸಲ ಸುಣ್ಣ. ಇದರ ಮೇಲೆ ಪ್ಲೈವುಡ್ ಹೊಡೆಸೋದು ಗೆದ್ದಲಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಫ್ಯೂಸ್‌ಕಟ್ಟೆ:
ಎಸಿಗೆ ಮುಂಚೆ ಮೇಲಿನ ವೆಂಟಿಲೇಟರ್ ತೆರೆಸಿ ನೋಡಿ. ಪೇಂಟ್ ಬಳಿದು ಬಳಿದೇ ಅಂಟಿಕೊಂಡಿರುತ್ತವೆ. ಬಿಸಿಗಾಳಿ ಅಲ್ಲಿಂದ ಹೋದರೆ ಬೇಸಿಗೆ ಬಿಟ್ಟು ಉಳಿದ ತಿಂಗಳು ಫ್ಯಾನೇ ಸಾಕು. ಬೇಕೇ ಬೇಕೆಂದರೆ ನೆಲದ ಮೇಲೆ ನಿಲ್ಲೋ ಎಸಿ, ಕಿಟಕಿಯ ಒಂದು ಗಾಜು ತೆಗೆದು ಹಲಗೆ ಕೂರಿಸಿ ಅದರಲ್ಲಿ ಪೈಪ್. ಡ್ರೈನ್ ನೀರನ್ನ ಗೋಡೆ ಬುಡಕ್ಕೆ ಬಿಟ್ಟರೆ ಮತ್ತೆ ಅದೇ ಹಪ್ಪಳ!

ವೈರಿಂಗಿಗೆ ಗೋಡೆ ಕಟಿಂಗ್ ಬೇಡ, ಜಿಐ (ಸತು ಲೇಪದ ಕಬ್ಬಿಣ) ಪೈಪಿನೊಳಗೆ ಗೋಡೆಯ ಮೇಲೇ ಹೋಗಲಿ. ಸ್ಕ್ರೂ ಗಾರೆಯ ಸಂದಿಗೆ ಬೀಳಬೇಕು, ಡ್ರಿಲ್ಲಿನ ಹ್ಯಾಮರ್ ಆಫ್. ತೆಳು ಬಿಟ್‌ನಲ್ಲಿ ಕೊರೆದಾಗ ಕೆಂಪು ಪುಡಿ ಬಂದರೆ ಇಟ್ಟಿಗೆ, ಅರ್ಧ ಇಂಚು ಪಕ್ಕಕ್ಕೆ ಸರಿಯಿರಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯೋ ಸ್ವಿಚ್) ಮರೀಬೇಡಿ.

ಕಟ್ಟಡ 1961ರ ರಾಜ್ಯ ಸ್ಮಾರಕ ಕಾಯ್ದೆಯಡಿ ಸಂರಕ್ಷಿತವಾಗಿದ್ದರೆ, ಕೆತ್ತೋ ಮುಂಚೆಯೇ ಪುರಾತತ್ವ ಇಲಾಖೆಯ ಅನುಮತಿ ತಗೊಳ್ಳಿ.

ತೊಲೆಕಂಬ:
ಟಿವಿ ಎಲ್ಲಿ ಇಡೋದು? ಎರಡು ಎತ್ತರದ ಕಿಟಕಿ ಪೂರ್ವಕ್ಕಿವೆ.

ದನಿಗಾರ:
ಉತ್ತರ ಅಥವಾ ದಕ್ಷಿಣದ ಗೋಡೆ ಮುಂದೆ, ಸ್ಟ್ಯಾಂಡ್ ಮೇಲೆ. ಕಿಟಕಿಯ ಎದುರು ಇಟ್ಟರೆ ಬೆಳಗಿನ ಮೀಟಿಂಗಿನಲ್ಲಿ ಟಿವಿ ಪರದೆಯಲ್ಲಿ ಕಿಟಕಿಯೇ ಕಾಣುತ್ತೆ.