ತೊಟ್ಟಿಮನೆ ಗೋಡೆ: ಸಿಮೆಂಟ್ ಗಾರೆ ಕಳಚುತ್ತಿದೆ

ಪ್ರಶ್ನೆ: ಮೂಡಿಗೆರೆ ಹತ್ತಿರದ ಹಳೇ ತೊಟ್ಟಿಮನೆ (ನಡುವೆ ತೆರೆದ ಅಂಗಳ, ಅಂದರೆ ತೊಟ್ಟಿ ಇರೋ ಮನೆ). ಮಣ್ಣಿನ ಗೋಡೆಗೆ ಬಳಿದ ಸಿಮೆಂಟ್ ಗಾರೆ ಪ್ರತಿ ಮಳೆಗಾಲ ಕಳೆದ ಮೇಲೆ ಚಕ್ಕೆ ಚಕ್ಕೆಯಾಗಿ ಬೀಳ್ತಿದೆ. ಮರದ ಕಂಬದ ಬುಡವೂ ಮೆತ್ತಗಾಗಿದೆ. ಏನು ಮಾಡೋದು?

ಉತ್ತರ 1: ಸಿಮೆಂಟು ತೇವವನ್ನು ಸುಲಭಕ್ಕೆ ಹೊರಗೆ ಬಿಡಲ್ಲ, ಒಳಗಿನ ಮಣ್ಣು ಸಡಿಲಾಗುತ್ತೆ. ಪೂರ್ತಿ ಕೆತ್ತಿಸಿ. ಉಳಿ, ಸುತ್ತಿಗೆ ಸಾಕು. ಬ್ರೇಕರ್ ಮಷೀನ್ ತಂದರೆ ಗೋಡೆಯೇ ಅದುರುತ್ತೆ. ಆಮೇಲೆ ಸುಣ್ಣದ ಗಾರೆ ಬಳಿಸಿ: 1 ಪಾಲು ಅರಳಿಸಿದ ಸುಣ್ಣಕ್ಕೆ 3 ಪಾಲು ಜರಡಿ ಹಿಡಿದ ಮರಳು. ಸುಣ್ಣ ನೀರಲ್ಲಿ ವಾರಗಟ್ಟಲೆ ನೆನೆಯಲಿ. ಅರಳದ ಹರಳು ಉಳಿದರೆ ಗೋಡೆಯಲ್ಲೇ ಉಬ್ಬಿ, ಕಾಸಿನಗಲದ ಗುಳಿ ಬಿಟ್ಟು ಉದುರುತ್ತೆ.

ಉತ್ತರ 2: ಸುಣ್ಣದ ಗಾರೆಯ ಒಂದು ಪದರ 10 ಮಿ.ಮೀ. ದಾಟದಿರಲಿ. ಬೇಗ ಒಣಗದಂತೆ ಗೋಡೆಗೆ ಒದ್ದೆ ಗೋಣಿತಾಟು ಇಳಿಬಿಡಿ. ಮಲೆನಾಡ ಮಳೆಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಉತ್ತರ 3: ಮೊದಲು ತೊಟ್ಟಿಯ ನೀರು ಹೋಗೋ ಕಂಡಿ ಕಟ್ಟಿಕೊಂಡಿದೆಯಾ ನೋಡಿ, ಕಂಬದ ಬುಡ ಕೊಳೆಯೋದು ಸಾಮಾನ್ಯವಾಗಿ ಅಲ್ಲಿಂದಲೇ. ಕಂಬದ ಮೇಲಿನ ತೊಲೆಗೆ ಜಾಕಿ ಕೊಟ್ಟು, ಕೊಳೆತ ಬುಡವನ್ನು ಗಟ್ಟಿ ಮರ ಸಿಗೋವರೆಗೆ ಕೊಯ್ದು, ಅದೇ ಜಾತಿಯ ಒಣಮರ ಬೆಸೆಯಿರಿ.