‘ನಿನ್ನನ್ನು ಮಾತ್ರ’ ಎನ್ನುವ ಪ್ರೇಮ: ಥಾಯ್ ಬಿಎಲ್ ಧಾರಾವಾಹಿಗಳ ಕುರಿತು ಒಂದು ಚರ್ಚೆ

ಶರಾವತಿ:
2020ರ ಲಾಕ್‌ಡೌನ್ ಕಾಲದಲ್ಲಿ ‘ಟುಗೆದರ್’ ಧಾರಾವಾಹಿಯ ಮೂಲಕ ಥಾಯ್ಲೆಂಡಿನ ಬಿಎಲ್ (ಬಾಯ್ಸ್ ಲವ್, ಅಂದರೆ ಹುಡುಗರಿಬ್ಬರ ಪ್ರೇಮಕಥೆಗಳ) ಲೋಕಕ್ಕೆ ಕಾಲಿಟ್ಟವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಈಚೆಗೆ ಅದನ್ನು ಮತ್ತೆ ನೋಡಿದಾಗ, ಆ ಕಥೆ ಶುರುವಾಗುವ ಬಗೆಯೇ ನನ್ನನ್ನು ಕಾಡಿತು. ಟೈನ್ ಎಂಬ ವಿದ್ಯಾರ್ಥಿಯ ಬೆನ್ನು ಹತ್ತಿರುವ ಗ್ರೀನ್ ಎಂಬ ಹುಡುಗನ ನಡೆನುಡಿಯಲ್ಲಿ ಹೆಣ್ತನವಿದೆ, ತಾನು ಸಲಿಂಗಿ ಎಂಬುದನ್ನು ಅವನು ಬಚ್ಚಿಡುವುದೂ ಇಲ್ಲ. ಅವನ ಕಾಟ ತಪ್ಪಿಸಿಕೊಳ್ಳಲೆಂದು ಟೈನ್, ಕಾಲೇಜಿನ ಎಲ್ಲರ ಕಣ್ಮಣಿಯಾದ ಸರಾವತ್‌ನನ್ನು ಹುಡುಕಿಕೊಂಡು ಹೋಗಿ, ತನ್ನ ಪ್ರೇಮಿಯಂತೆ ನಟಿಸಬೇಕೆಂದು ಗೋಗರೆಯುತ್ತಾನೆ. ಅಂದರೆ ನಾವೆಲ್ಲ ಮನಸೋತ ಆ ಪ್ರೇಮಕಥೆ ಒಬ್ಬ ಸಲಿಂಗಿಯನ್ನು ದೂರವಿಡುವ ಉಪಾಯದಿಂದ ಹುಟ್ಟಿದೆ. ಗ್ರೀನ್ ತೆರೆಗೆ ಬಂದಾಗಲೆಲ್ಲ ನಾವು ನಗಬೇಕು, ಸರಾವತ್ ಬಂದಾಗ ಉಸಿರು ಬಿಗಿಹಿಡಿಯಬೇಕು.

ಈ ಪ್ರಕಾರದ ಅನೇಕ ಕಥೆಗಳಲ್ಲಿ ನಾಯಕನ ಬಾಯಲ್ಲಿ ಒಂದೇ ಮಾತು ಬರುತ್ತದೆ: ನನಗೆ ಗಂಡಸರು ಇಷ್ಟವಿಲ್ಲ, ನೀನು ಮಾತ್ರ ಇಷ್ಟ. ಕೇಳಲು ಇದು ಪ್ರೇಮದ ಪರಾಕಾಷ್ಠೆಯಂತಿದೆ. ಆದರೆ ಗಂಡಸರನ್ನು ಇಷ್ಟಪಡುವುದೇ ತನ್ನ ಸ್ವಭಾವ ಎಂದು ನೆಮ್ಮದಿಯಿಂದ ಹೇಳಬಲ್ಲವನಿಗೆ ನಾಯಕನಾಗುವ ಯೋಗ್ಯತೆ ಇಲ್ಲವೆಂದೂ ಅದು ಸೂಚಿಸುತ್ತದೆ. ಈ ಸೂತ್ರವನ್ನು ಬಿಡದೆ ಬಿಎಲ್ ಬೆಳೆಯಲಾರದು ಎಂಬುದು ನನ್ನ ವಾದ.

ಹೇಮಾವತಿ ತೀರ:
ನಿಮ್ಮ ವಾದದ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಈ ಪ್ರಕಾರ ಎಲ್ಲಿಂದ ಬಂತೆಂಬುದನ್ನು ಮರೆತು ಅದರ ತಪ್ಪುಗಳನ್ನು ಎಣಿಸುವುದು ನ್ಯಾಯವಲ್ಲ. 1970ರ ದಶಕದ ಜಪಾನಿನಲ್ಲಿ ಹಗಿಯೊ ಮೋಟೊ, ತಾಕೆಮಿಯಾ ಕೇಕೊ ಮೊದಲಾದ ಮಾಂಗಾ (ಜಪಾನಿ ಕಾಮಿಕ್ಸ್) ರಚಿಸುವ ತರುಣಿಯರು ಹುಡುಗಿಯರ ಪತ್ರಿಕೆಗಳಲ್ಲಿ ಹುಡುಗರಿಬ್ಬರ ಪ್ರೇಮವನ್ನು ಬರೆಯತೊಡಗಿದರು. ಹುಡುಗಿ ನಾಯಕಿಯಾದ ಕೂಡಲೇ ಮದುವೆ, ಬಸಿರು, ಮಾನ, ಮನೆವಾರ್ತೆ ಎಲ್ಲವೂ ಅವಳ ಮೈಮೇಲೆ ಬಂದು ಕೂರುತ್ತಿದ್ದವು. ಇಬ್ಬರೂ ಹುಡುಗರಾದಾಗ ಆಸೆ, ಅಸೂಯೆ, ಅಗಲಿಕೆಗಳನ್ನು ಆ ಭಾರವಿಲ್ಲದೆ ಬರೆಯಲು ಸಾಧ್ಯವಾಯಿತು. ಥಾಯ್ಲೆಂಡಿನಲ್ಲಿ 2014ರಲ್ಲಿ ಬಂದ ‘ಲವ್ ಸಿಕ್’ ಕೂಡ ಮೊದಲು ಜಾಲತಾಣದಲ್ಲಿ ಕಂತುಕಂತಾಗಿ ಪ್ರಕಟವಾದ ಕಾದಂಬರಿ. ಇಂಥ ಕಥೆಗಳನ್ನು ಬರೆದವರೂ ಓದಿದವರೂ ಹೆಚ್ಚಾಗಿ ಹೆಣ್ಣುಮಕ್ಕಳು. ಹೆಣ್ಣು ತನಗಾಗಿ ಕಟ್ಟಿಕೊಂಡ ಕಲ್ಪನೆಯ ಅಂಗಳಕ್ಕೆ ನಾವು ಹೋಗಿ, ಇಲ್ಲಿ ಸಮಾಜಸೇವೆ ಏಕೆ ನಡೆಯುತ್ತಿಲ್ಲ ಎಂದು ಕೇಳಬೇಕೆ? ಗಂಡಸರು ಬರೆದ ಸಾಹಸಕಥೆಗಳಿಂದ ಯಾರೂ ಅಂಥ ಲೆಕ್ಕ ಕೇಳುವುದಿಲ್ಲ.

ಬಯಲುಸೀಮೆ:
ನಾನು ಸಲಿಂಗಿ. ಇಲ್ಲಿಯ ಚರ್ಚೆಯಲ್ಲಿ ನಮ್ಮಂಥವರ ಹೆಸರು ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ಹೇಮಾವತಿಯವರು ಹೇಳಿದ ಚರಿತ್ರೆ ಸರಿ, ಆದರೆ ಅದು 1970ರ ದಶಕಕ್ಕೇ ಮುಗಿಯುವುದಿಲ್ಲ. ಸಾತೊ ಮಸಾಕಿ ಎಂಬ ಸಲಿಂಗಿ ಹೋರಾಟಗಾರ 1992ರಲ್ಲಿ ಜಪಾನಿನ ಒಂದು ಸ್ತ್ರೀವಾದಿ ಕಿರುಪತ್ರಿಕೆಯಲ್ಲಿ ಇಂಥ ಕಥೆಗಳ ವಿರುದ್ಧ ಬಹಳ ಕೋಪದಿಂದ ಬರೆದರು. ನಮ್ಮ ಬದುಕಿಗೂ ಈ ಸುಂದರ ಹುಡುಗರ ಕಥೆಗಳಿಗೂ ಸಂಬಂಧವಿಲ್ಲ, ನಮ್ಮನ್ನು ನೋಡಿ ಸುಖಿಸುವ ವಸ್ತುಗಳನ್ನಾಗಿ ಮಾಡಲಾಗಿದೆ ಎಂಬುದು ಅವರ ದೂರಿನ ಸಾರ. ಅದಕ್ಕೆ ಓದುಗಿಯರೂ ಲೇಖಕಿಯರೂ ಉತ್ತರಿಸಿದರು, ವಾದ ವರ್ಷಗಟ್ಟಲೆ ನಡೆಯಿತು. ಆ ಕಲ್ಪನೆಯ ಅಂಗಳದಲ್ಲಿ ಓಡಾಡುವ ಪಾತ್ರಗಳಿಗೆ ನಮ್ಮ ಮೈ ಇದೆ, ಹಾಗಾಗಿ ಅಲ್ಲಿ ಏನು ನಡೆಯುತ್ತದೆಂದು ಕೇಳುವ ಹಕ್ಕು ನಮಗೂ ಇದೆ.

ಗ್ರೀನ್ ವಿಷಯವನ್ನು ಶರಾವತಿಯವರು ಎತ್ತಿದ್ದು ನನಗೆ ದೊಡ್ಡ ಸಮಾಧಾನ ತಂದಿದೆ. ಆ ಧಾರಾವಾಹಿಯಲ್ಲಿ ನನಗೆ ನಾನು ಕಂಡದ್ದು ಅವನಲ್ಲೇ. ಕೈ ಆಡಿಸುವ ರೀತಿ, ದನಿಯ ಏರಿಳಿತ, ತನ್ನನ್ನು ಬೇಡವೆಂದವನ ಮುಂದೆಯೂ ಆಸೆ ಬಿಡದೆ ನಿಲ್ಲುವ ಹಟ, ಎಲ್ಲವೂ ನನಗೆ ಗೊತ್ತಿದ್ದವು. ಕನ್ನಡದಲ್ಲಿ 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ನನ್ನ ಭಾಷೆಯಲ್ಲೇ ನನ್ನ ನೋವು ಸಿಕ್ಕಿತು, ಅದಕ್ಕೆ ನಾನು ಎಂದೆಂದೂ ಋಣಿ. ಆದರೆ ಸುಖಾಂತ್ಯದ ಹಸಿವು ಬೇರೆಯದೇ. ಇಬ್ಬರು ಹುಡುಗರು ಕೈಹಿಡಿದು ನಡೆಯುವುದನ್ನು, ಕಡೆಯ ಕಂತಿನಲ್ಲಿ ಯಾರೂ ಸಾಯದಿರುವುದನ್ನು ಈ ಥಾಯ್ ಧಾರಾವಾಹಿಗಳು ನನಗೆ ಧಾರಾಳವಾಗಿ ಕೊಟ್ಟವು. ಆ ಸುಖಾಂತ್ಯ ಗ್ರೀನ್‌ನಂಥವನಿಗೂ ಸಿಗಲಿ ಎಂಬುದಷ್ಟೇ ನನ್ನ ಆಸೆ.

ದೋಹಾ ಕನ್ನಡಿಗ:
ಕಥೆಯ ಸೂತ್ರಕ್ಕಿಂತ ದುಡ್ಡಿನ ಸೂತ್ರ ಗಟ್ಟಿಯಾದದ್ದು. ಥಾಯ್ ನಿರ್ಮಾಣ ಸಂಸ್ಥೆಗಳು ಧಾರಾವಾಹಿಯ ಜೊತೆಗೆ ಅದರ ಜೋಡಿಯನ್ನೂ ಮಾರುತ್ತವೆ. ಇಬ್ಬರು ನಟರು ಒಂದು ಕಥೆಯಲ್ಲಿ ಗೆದ್ದರೆ ಅವರನ್ನೇ ಮುಂದಿನ ಧಾರಾವಾಹಿಯಲ್ಲೂ ಜಾಹೀರಾತುಗಳಲ್ಲೂ ಅಭಿಮಾನಿ ಸಮಾವೇಶಗಳಲ್ಲೂ ಒಟ್ಟಿಗೆ ನಿಲ್ಲಿಸುತ್ತಾರೆ, ಅಲ್ಲಿ ಅವರು ತೆರೆಯ ಮೇಲಿನ ಒಲವನ್ನು ಮತ್ತೆ ಆಡಿ ತೋರಿಸಬೇಕಾಗುತ್ತದೆ. ನಟನೊಬ್ಬ ಗೆಳತಿಯೊಡನೆ ಕಾಣಿಸಿಕೊಂಡರೆ ಕೆಲವು ಅಭಿಮಾನಿಗಳು ತಮಗೆ ದ್ರೋಹವಾಯಿತೆಂದು ಕೂಗಾಡುತ್ತಾರೆ. ‘ನಿನ್ನನ್ನು ಮಾತ್ರ’ ಎಂಬ ಮಾತು ಈ ವ್ಯಾಪಾರಕ್ಕೆ ಹೇಳಿಮಾಡಿಸಿದಂತಿದೆ, ಏಕೆಂದರೆ ಪಾತ್ರಕ್ಕೆ ಆ ಒಬ್ಬನ ಹೊರತು ಬೇರೆ ಗಂಡಸಿನ ಮೇಲೆ ಆಸೆಯೇ ಇಲ್ಲದಿದ್ದರೆ ಜೋಡಿ ಎಂದೂ ಒಡೆಯುವುದಿಲ್ಲ.

ಇಷ್ಟಾದರೂ ಥಾಯ್ಲೆಂಡಿನ ಮಾರುಕಟ್ಟೆಯನ್ನು ನಾನು ಪೂರ್ತಿಯಾಗಿ ಬೈಯಲಾರೆ. ಚೀನಾದಲ್ಲಿ 2016ರಲ್ಲಿ ‘ಅಡಿಕ್ಟೆಡ್’ ಎಂಬ ಜಾಲಧಾರಾವಾಹಿಯನ್ನು ಪ್ರಸಾರ ಮುಗಿಯುವ ಮೊದಲೇ ತೆಗೆದುಹಾಕಲಾಯಿತು. 2019ರ ‘ದಿ ಅನ್‌ಟೇಮ್ಡ್’ ಧಾರಾವಾಹಿಗೆ ಆಧಾರವಾದ ಕಾದಂಬರಿಯಲ್ಲಿ ನಾಯಕರಿಬ್ಬರೂ ಪ್ರೇಮಿಗಳೆಂಬುದು ಸ್ಪಷ್ಟವಾಗಿದ್ದರೂ ತೆರೆಯ ಮೇಲೆ ಅದು ಗಾಢ ಸ್ನೇಹವಾಗಿ ಉಳಿಯಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಪ್ರಸಾರ ನಿಯಂತ್ರಕರು ಹೆಣ್ತನವಿರುವ ಗಂಡಸರನ್ನು ಪರದೆಯ ಮೇಲೆ ತೋರಿಸಕೂಡದೆಂದು ಆದೇಶವನ್ನೇ ಹೊರಡಿಸಿದರು. ಗ್ರೀನ್ ಅಲ್ಲಿ ನಗೆಪಾಟಲಿನ ಪಾತ್ರವಾಗಿಯೂ ಉಳಿಯುವಂತಿರಲಿಲ್ಲ.

ನ್ಯಾಯಪಕ್ಷ:
ಥಾಯ್ಲೆಂಡಿನಲ್ಲಿ 2025ರ ಜನವರಿ 23ರಂದು ಸಮಾನ ವಿವಾಹದ ಕಾನೂನು ಜಾರಿಗೆ ಬಂತು. ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಟ್ಟವುಗಳಲ್ಲಿ ಏಷ್ಯಾದಲ್ಲಿ ತೈವಾನ್, ನೇಪಾಳಗಳ ನಂತರ ಅದು ಮೂರನೆಯ ದೇಶ, ಆಗ್ನೇಯ ಏಷ್ಯಾದಲ್ಲಿ ಮೊದಲನೆಯದು. ಕೆಳಮನೆಯಲ್ಲಿ 400 ಮತ ಪರವಾಗಿ, 10 ವಿರುದ್ಧ. ಸೆನೆಟ್‌ನಲ್ಲಿ 130 ಪರವಾಗಿ, 4 ವಿರುದ್ಧ. ಇಷ್ಟು ಒಮ್ಮತ ಮೂಡಲು ಮನೆಮನೆಗೆ ತಲುಪಿದ ಈ ಕಥೆಗಳೂ ಒಂದು ಕಾರಣವಲ್ಲವೇ? ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಅಂಥ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು, ನಮ್ಮ ಕಿರುತೆರೆಯಲ್ಲಿ ಇಂಥ ಕಥೆಗಳಿಗೆ ಜಾಗವೂ ಇಲ್ಲ.

ಬಯಲುಸೀಮೆ:
ಧಾರಾವಾಹಿಗಳಿಗೆ ಅಷ್ಟು ದೊಡ್ಡ ಕೀರ್ತಿ ಕೊಡಬೇಡಿ. 2021ರಲ್ಲಿ, ಬಿಎಲ್ ಉಬ್ಬರದ ನಡುವೆಯೇ, ಥಾಯ್ ಸಾಂವಿಧಾನಿಕ ನ್ಯಾಯಾಲಯ ಮದುವೆಯನ್ನು ಗಂಡು ಹೆಣ್ಣಿಗೆ ಸೀಮಿತಗೊಳಿಸಿದ ನಿಯಮವನ್ನು ಎತ್ತಿಹಿಡಿದಿತ್ತು. ಅದಾದ ಮೇಲೂ ಹೋರಾಟಗಾರರು ಬಿಡದೆ ಸಂಸತ್ತಿನ ಬಾಗಿಲು ಬಡಿದರು.

ಹೇಮಾವತಿ ತೀರ:
ಶರಾವತಿಯವರೇ, ಸೂತ್ರವನ್ನು ಬಿಡದೆ ಬೆಳವಣಿಗೆಯಿಲ್ಲ ಎಂದಿರಿ. 2016ರ ‘ಸೋಟಸ್’ ಧಾರಾವಾಹಿಯಲ್ಲಿ ಎಂಜಿನಿಯರಿಂಗ್ ವಿಭಾಗದ ಹಿರಿಯ ವಿದ್ಯಾರ್ಥಿಯ ದಬ್ಬಾಳಿಕೆಗೆ ಕಿರಿಯನು, ನಿನ್ನನ್ನು ನನ್ನ ಹೆಂಡತಿಯನ್ನಾಗಿ ಮಾಡಿಕೊಳ್ಳುತ್ತೇನೆ ಎಂದು ಸವಾಲು ಹಾಕುತ್ತಾನೆ. ಐದು ವರ್ಷಗಳ ನಂತರ ಬಂದ ‘ಬ್ಯಾಡ್ ಬಡ್ಡಿ’ಯಲ್ಲೂ ಅದೇ ಎಂಜಿನಿಯರಿಂಗ್ ವಿಭಾಗವಿದೆ, ಜಗಳಗಳಿವೆ, ಹಗೆ ಸಾಧಿಸುವ ಎರಡು ಮನೆಗಳಿವೆ, ಆದರೆ ಪ್ಯಾಟ್ ಮತ್ತು ಪ್ರಾನ್ ಸಮಬಲರು, ಅವರಲ್ಲಿ ಯಾರೂ ಬೇಟೆಯಲ್ಲ. ಸೂತ್ರ ಗೊತ್ತಿದ್ದ ನೋಡುಗರ ಮುಂದೆಯೇ ನಿರ್ದೇಶಕರು ಸೂತ್ರದೊಡನೆ ವಾದಕ್ಕಿಳಿಯಬಲ್ಲರು. ಆ ಪರಿಚಯವನ್ನು ಕಟ್ಟಿಕೊಟ್ಟದ್ದು ನೀವು ಅಲ್ಲಗಳೆಯುವ ಹಳೆಯ ಧಾರಾವಾಹಿಗಳೇ.

ಶರಾವತಿ:
‘ಬ್ಯಾಡ್ ಬಡ್ಡಿ’ಯ ಬಗ್ಗೆ ನಿಮ್ಮೊಡನೆ ನನಗೆ ಭಿನ್ನಾಭಿಪ್ರಾಯವಿಲ್ಲ. ಕಡೆಯ ಕಂತಿನಲ್ಲಿ, ವರ್ಷಗಳು ಕಳೆದ ಮೇಲೂ ಅವರಿಬ್ಬರು ಮನೆಯವರೆದುರು ದೂರವಾದಂತೆ ನಟಿಸುತ್ತಲೇ ಬಾಳುವುದು ನನಗೆ ಹಲವು ಮದುವೆಯ ಸುಖಾಂತ್ಯಗಳಿಗಿಂತ ಹೆಚ್ಚು ಸತ್ಯವೆನಿಸಿತು. ಆದರೆ ಸೂತ್ರದೊಳಗಿದ್ದು ಅದನ್ನು ಪ್ರಶ್ನಿಸುವುದು ಒಂದು ದಾರಿ, ಅದನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಇನ್ನೊಂದು. ಅದೇ ನಿರ್ದೇಶಕ ನೊಪ್ಪರ್ನಾಚ್ ಚೈವಿಮೋಲ್ 2023ರಲ್ಲಿ ಮಾಡಿದ ‘ಮೂನ್‌ಲೈಟ್ ಚಿಕನ್’ ಎರಡನೆಯ ದಾರಿ ಹಿಡಿದಿದೆ. ಪಟ್ಟಾಯದಲ್ಲಿ ಕೋಳಿ ಅನ್ನದ ಅಂಗಡಿ ನಡೆಸುವ, ಸಾಲದಲ್ಲಿ ಮುಳುಗಿರುವ, ಯೌವನ ದಾಟಿದ ಜಿಮ್ ಅಲ್ಲಿ ನಾಯಕ. ತಾನು ಸಲಿಂಗಿ ಎಂಬುದು ಅವನಿಗೆ ಎಂದಿನಿಂದಲೋ ಗೊತ್ತು, ಅದನ್ನು ಕಥೆಯ ತಿರುವಾಗಿ ಯಾರೂ ಬಳಸುವುದಿಲ್ಲ. ಅವನ ಭಯಗಳು ಬಾಡಿಗೆಯವು, ವಯಸ್ಸಿನವು, ಮತ್ತೊಮ್ಮೆ ಮೋಸಹೋಗುವೆನೇನೋ ಎಂಬವು. ಅವನ ಸೋದರಳಿಯ ಲಿ ಮಿಂಗ್, ಕಿವಿ ಕೇಳದ ಹಾರ್ಟ್ ಎಂಬ ಹುಡುಗನಿಗಾಗಿ ಸಂಜ್ಞೆಯ ಭಾಷೆ ಕಲಿಯುತ್ತಾನೆ. ಹೆತ್ತವರೇ ಆ ಮಗನೊಡನೆ ಸಂಜ್ಞೆಯಲ್ಲಿ ಮಾತನಾಡಲು ಕಲಿತಿಲ್ಲ. ಇಡೀ ಎಂಟು ಕಂತುಗಳಲ್ಲಿ ಕಾಲೇಜಿನ ಸಮವಸ್ತ್ರದ ಮೋಹಕತೆಗೆ ಕಥೆ ಜೋತುಬೀಳುವುದಿಲ್ಲ.

ದೋಹಾ ಕನ್ನಡಿಗರಿಗೆ ಒಂದು ಮಾತು: ಇದನ್ನೂ ‘ಟುಗೆದರ್’, ‘ಬ್ಯಾಡ್ ಬಡ್ಡಿ’ಗಳನ್ನು ತಯಾರಿಸಿದ ಜಿಎಂಎಂಟಿವಿ ಸಂಸ್ಥೆಯೇ ಮಾಡಿದ್ದು, ನಟರೂ ಅಭಿಮಾನಿಗಳು ಆಗಲೇ ಒಪ್ಪಿದ್ದ ಜೋಡಿಗಳೇ. ಹಾಗಾಗಿ ದುಡ್ಡು ಕೈಕಟ್ಟುತ್ತದೆ ಎಂಬ ವಾದ ಲೇಖಕರಿಗೆ ಸುಲಭದ ರಿಯಾಯಿತಿಯಾಗಕೂಡದು. ಅದೇ ಹಣ, ಅದೇ ಮುಖಗಳು, ಅದೇ ಅಭಿಮಾನಿಗಳನ್ನು ಇಟ್ಟುಕೊಂಡೇ ಜಿಮ್‌ನಂಥ ಮನುಷ್ಯನನ್ನು ಬರೆಯಲು ಸಾಧ್ಯವಾಗಿದೆ.

ಬಯಲುಸೀಮೆ:
ಜಿಮ್ ನನಗೂ ಬಹಳ ಪ್ರಿಯ. ಆದರೂ ಅವನು ಗಂಭೀರ, ಮಿತಭಾಷಿ, ಎಲ್ಲರೂ ಒಪ್ಪುವ ಬಗೆಯ ಗಂಡಸು. ಕೈ ಆಡಿಸುತ್ತ ಮಾತನಾಡುವವನೊಬ್ಬ ಇಂಥ ಎಂಟು ಕಂತುಗಳ ನಾಯಕನಾಗಿ, ಅವನನ್ನು ಸರಾವತ್‌ನಂಥವನು ಯಾವ ನಟನೆಯೂ ಇಲ್ಲದೆ ಪ್ರೀತಿಸುವ ಥಾಯ್ ಧಾರಾವಾಹಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ.