ವೈರಲ್ ಮೆನಿಂಜೈಟಿಸ್: ಬೆನ್ನುಹುರಿ ದ್ರವದಲ್ಲಿ ಎಂಎಂಪಿ-9, ಟಿಂಪ್-1 ಅಳೆಯುವುದು

ಪ್ರಶ್ನೆ: ಎಂಟೆರೋವೈರಸ್ ಮೆನಿಂಜೈಟಿಸ್ (ವೈರಸ್‌ನಿಂದಾಗುವ ಮಿದುಳಿನ ಪೊರೆಯ ಉರಿಯೂತ) ರೋಗಿಗಳ ಬೆನ್ನುಹುರಿ ದ್ರವದಲ್ಲಿ ಜೆಲಟಿನ್ ಝೈಮೋಗ್ರಫಿ (ಕಿಣ್ವಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಅವು ಜೆಲಟಿನ್ ಕರಗಿಸಿದ ಜಾಗವನ್ನು ಪಟ್ಟಿಯಾಗಿ ನೋಡುವ ಪರೀಕ್ಷೆ) ಮಾಡಿದಾಗ 92 ಕಿಲೋಡಾಲ್ಟನ್ ಪಟ್ಟಿ ಕೆಲವರಲ್ಲಿ ದಟ್ಟ, ಕೆಲವರಲ್ಲಿ ಇಲ್ಲವೇ ಇಲ್ಲ. 72ರದ್ದು ಎಲ್ಲರಲ್ಲೂ ಇದೆ. ಎಂಎಂಪಿಗಳನ್ನು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ತಡೆಯುವ ಪ್ರೋಟೀನ್ ಆದ ಟಿಂಪ್-1 ತಡೆಯುತ್ತಿರುವುದರಿಂದ ಹೀಗೋ?

ಉತ್ತರ 1: ಅಲ್ಲ ಸರ್. ಜೆಲ್‌ನಲ್ಲಿರುವ ಎಸ್‌ಡಿಎಸ್ ಎಂಬ ಮಾರ್ಜಕವು ಕಿಣ್ವದಿಂದ ಟಿಂಪ್ ಅನ್ನು ಬಿಡಿಸಿಬಿಡುತ್ತದೆ, ಹಾಗಾಗಿ ಝೈಮೋಗ್ರಫಿ ತಡೆಯನ್ನು ತೋರಿಸುವುದೇ ಇಲ್ಲ. 72ರದ್ದು ಎಂಎಂಪಿ-2, ಆರೋಗ್ಯವಂತರ ದ್ರವದಲ್ಲೂ ಸದಾ ಇರುತ್ತದೆ. 92ರದ್ದು ಎಂಎಂಪಿ-9, ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕೋಶಗಳೊಳಗಿನ ಸಣ್ಣ ಚೀಲಗಳಿಂದ ಬರುವಂಥದ್ದು. ವೈರಲ್ ಮೆನಿಂಜೈಟಿಸ್‌ನ ಮೊದಲ ದಿನ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದು, ಆಮೇಲೆ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕೋಶಗಳದ್ದೇ ಮೇಲುಗೈ. ದ್ರವ ತೆಗೆದ ದಿನ ಮತ್ತು ಕೋಶಗಳ ಎಣಿಕೆಯನ್ನು ಪಕ್ಕದಲ್ಲಿಟ್ಟು ನೋಡಿ.

ಉತ್ತರ 2: ಸಂಗ್ರಹಣೆಯನ್ನೂ ಪರಿಶೀಲಿಸಿ. ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಇಳಿಸದೆ ಫ್ರೀಜರ್‌ಗೆ ಇಟ್ಟರೆ ಅವು ಒಡೆದು ಎಂಎಂಪಿ-9 ಸೋರುತ್ತದೆ. ತಕ್ಷಣ ತಿರುಗಿಸಿ, ಮೇಲಿನ ದ್ರವವನ್ನು ಸಣ್ಣ ಪಾಲುಗಳಾಗಿ -80 ಡಿಗ್ರಿಯಲ್ಲಿಡಿ. ಸೂಜಿ ಚುಚ್ಚುವಾಗ ರಕ್ತ ಬೆರೆತ ಮಾದರಿ ಬೇಡವೇ ಬೇಡ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಇರುವ ಟ್ಯೂಬ್ ಬಳಸಬೇಡಿ, ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ-ಜಿಂಕ್ ಅನ್ನು ಅದು ಕಸಿದುಕೊಳ್ಳುತ್ತದೆ. ಮಾದರಿ ಕುದಿಸಬಾರದು, ಮರ್ಕಾಪ್ಟೋಎಥನಾಲ್ (ಪ್ರೋಟೀನಿನೊಳಗಿನ ಬಂಧ ಮುರಿಯುವ ರಾಸಾಯನಿಕ) ಸೇರಿಸಬಾರದು. ಓಡಿದ ಮೇಲೆ ಜೆಲ್ ಅನ್ನು 2.5% ಟ್ರೈಟಾನ್‌ನಲ್ಲಿ (ಎಸ್‌ಡಿಎಸ್ ತೆಗೆಯುವ ಮೃದು ಮಾರ್ಜಕ) ಚೆನ್ನಾಗಿ ತೊಳೆಯದಿದ್ದರೆ ಪಟ್ಟಿ ಮಸುಕಾಗುತ್ತದೆ.

ಉತ್ತರ 1 (ಮುಂದುವರಿದು): ಟಿಂಪ್-1ಕ್ಕೆ ಎಲೈಸಾ (ಪ್ರತಿಕಾಯ ಬಳಸಿ ಪ್ರೋಟೀನ್ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿ. ಎಂಎಂಪಿ-9 ಮತ್ತು ಟಿಂಪ್-1ರ ಅನುಪಾತವನ್ನು ನ್ಯಾನೋಗ್ರಾಂನಲ್ಲಿ ಅಲ್ಲ, ಮೋಲ್‌ನಲ್ಲಿ (ಅಣುಗಳ ಎಣಿಕೆಯಲ್ಲಿ) ಲೆಕ್ಕ ಹಾಕಿ. ಒಂದು ಟಿಂಪ್ ಅಣು ಒಂದು ಎಂಎಂಪಿ ಅಣುವನ್ನು ತಡೆಯುತ್ತದೆ, ಟಿಂಪ್-1 ಸುಮಾರು 28 ಕಿಲೋಡಾಲ್ಟನ್ ಆದ್ದರಿಂದ 28 ನ್ಯಾನೋಗ್ರಾಂ ಟಿಂಪ್, 92 ನ್ಯಾನೋಗ್ರಾಂ ಎಂಎಂಪಿಗೆ ಸಮ.